ಚಾದರದ ಎರಡು ತುದಿ, ನಡುವೆ ಇಂಗ್ಲಿಷ್

ಬೆಳಕು ಇನ್ನೂ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರದಿಂದ ಚಾದರಗಳು ಬಿಸಿಬಿಸಿಯಾಗಿ ಹೊರಬರುತ್ತಿವೆ. ಒಂದು ತುದಿ ಎಲ್ಲರೂ ‘ಇಸ್ತ್ರಿ ಅಕ್ಕ’ ಎಂದು ಕರೆಯುವ ಹೆಂಗಸಿನ ಕೈಯಲ್ಲಿ, ಇನ್ನೊಂದು ಅವರ ನಾದಿನಿಯ ಕೈಯಲ್ಲಿ.

“ಐ ಆಮ್ ಹೋಲ್ಡಿಂಗ್,” ಎನ್ನುತ್ತಾರೆ ಅಕ್ಕ.

“ವಿ ಆರ್ ಫೋಲ್ಡಿಂಗ್,” ಮಡಿಸುತ್ತಲೇ ಹೇಳುತ್ತಾಳೆ ನಾದಿನಿ.

“ದಿನಾ?”

“ವಿ ಫೋಲ್ಡ್ ಎವ್ರಿ ಡೇ. ಇದಕ್ಕೆ ಇಂಗ್ಲಿಷ್ ಯಾಕೆ ಅತ್ತಿಗೆ? ನನ್ನ ಸೊಂಟಾನ ಕೇಳಿದ್ರೆ ಅದೇ ಹೇಳುತ್ತೆ.”

ಪಕ್ಕದ ಮೇಜಿನ ಹೆಂಗಸರು ನಗುತ್ತಾರೆ. ಆದರೆ ಇದು ನಗುವ ಮಾತಲ್ಲ. ತಪಾಸಣೆಗೆ ಬರುವ ದೊಡ್ಡವರು ಏನಾದರೂ ಕೇಳಿದರೆ ಕೆಲಸದವರು ಇಂಗ್ಲಿಷಿನಲ್ಲಿ ಉತ್ತರಿಸಬೇಕಂತೆ. ಈಗ ಏನು ಮಾಡುತ್ತಿದ್ದೀರಿ, ದಿನಾ ಏನು ಮಾಡುತ್ತೀರಿ, ಇವೆರಡನ್ನು ಹೇಳಲು ಬರದವರಿಗೆ ಮುಂದಿನ ತಿಂಗಳಿಂದ ಕೆಲಸವಿಲ್ಲ. ಹೊಸ ಗುತ್ತಿಗೆದಾರರ ಅಪ್ಪಣೆ.

ಮೇಲಿನ ವಾರ್ಡಿನಲ್ಲಿ ಮಗು ವಾಂತಿ ಮಾಡಿಕೊಂಡರೆ ತಾಯಿ ಕೂಗುವುದರೊಳಗೆ ಒಗೆದ ಚಾದರ ಬರುತ್ತದಲ್ಲ, ಅದು ಇವರ ಕೈಯದು. ರಕ್ತದ ಕಲೆ ತಣ್ಣೀರಿಗೆ ಬಗ್ಗುತ್ತದೆ, ಉಜ್ಜುವ ಕೈಗೆ ಬಗ್ಗುತ್ತದೆ. ಇಂಗ್ಲಿಷಿಗೆ ಬಗ್ಗಿದ್ದನ್ನು ಕಂಡವರಿದ್ದರೆ ಹೇಳಲಿ.

ಅಕ್ಕ ಮೊದಲು ಶಿಶುವಿಹಾರವೊಂದರಲ್ಲಿ ಆಯಾ ಆಗಿದ್ದರು. ಅಲ್ಲಿ ಪುಟಾಣಿಗಳು ಜಿಗಿಯುತ್ತಾ ‘ಜಂಪಿಂಗ್’ ಎನ್ನುವುದನ್ನು ಬಾಗಿಲ ಬಳಿ ನಿಂತು ಕೇಳಿ ಕೇಳಿ ಇಷ್ಟು ಇಂಗ್ಲಿಷ್ ಬಾಯಿಗೆ ಬಂತು. ಶಾಲೆ ಮುಚ್ಚಿದ ಮೇಲೆ ಈ ಬಿಸಿಗೆ ಬಂದರು. ಮುಂಗೈ ತುಂಬ ಸುಟ್ಟ ಗೆರೆಗಳಿವೆ. “ಮಕ್ಕಳು ಕುಣೀತಾ ಕಲಿತರು, ನಾವು ದುಡೀತಾ ಕಲೀತೀವಿ,” ಎನ್ನುತ್ತಾರೆ. ಅಕ್ಕ ಹೇಳಿಕೊಟ್ಟಂತೆ ಒಗೆಯುವವಳು ಒಗೆಯುತ್ತಲೇ ‘ವಾಷಿಂಗ್’ ಎಂದಳು, ಮೂಟೆ ಹೊರುವವಳು ಹೊರುತ್ತಲೇ ‘ಕ್ಯಾರಿಯಿಂಗ್’ ಎಂದಳು. ಕೈ ಆಡಿದಂತೆ ಬಾಯಿಯೂ ಆಡಿತು.

ಕಳೆದ ವಾರ ಮಹಡಿಯ ಕಚೇರಿಯಲ್ಲಿ ಪರೀಕ್ಷೆ ನಡೆಯಿತು. ಮೊದಲು ಹೋದವಳು ನಾದಿನಿ. ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಈಗ ಏನು ಮಾಡುತ್ತಿದ್ದೀಯ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವಳು ತನ್ನ ಕೈ ನೋಡಿಕೊಂಡಳು. ಬರಿಗೈ. ಬಾಯಿ ಕಟ್ಟಿಹೋಯಿತು. ‘ಅನುತ್ತೀರ್ಣ’ ಎಂದರು. ಮಗುವನ್ನು ಒಬ್ಬಳೇ ಸಾಕುವವಳು. ಸೋಮವಾರ ಇನ್ನೊಂದೇ ಅವಕಾಶ.

“ಫೋಲ್ಡಿಂಗ್ ಅಂದಿದ್ರೆ ಸುಳ್ಳಾಗ್ತಿತ್ತು ಅತ್ತಿಗೆ. ಸುಮ್ನೆ ಕೂತಿದ್ದೆ. ಅದಕ್ಕೇನಂತಾರೆ ಅಂತ ನೀವು ಹೇಳಿಕೊಟ್ಟಿರಲಿಲ್ಲ,” ಎನ್ನುತ್ತಾಳೆ ಈಗ, ಚಾದರ ಮಡಿಸುತ್ತಾ.

ಅಕ್ಕ ಸಿಟ್ಟಿನಿಂದ ಚಾದರ ಜಾಡಿಸುತ್ತಾರೆ. “ಎಲ್ಲಿಂದ ಹೇಳಿಕೊಡ್ಲಿ? ಇಷ್ಟು ವರ್ಷದಲ್ಲಿ ಇಲ್ಲಿ ಕೂತವರನ್ನ ನಾನು ಕಂಡಿದ್ರೆ ತಾನೆ!”

ಸುತ್ತ ನೋಡಿದರೆ ನಿಜವೇ. ಒಂದು ಸ್ಟೂಲೂ ಇಲ್ಲ. ಚಹಾ ಕುಡಿಯುವುದೂ ಗೋಡೆಗೆ ಒರಗಿಕೊಂಡೇ. ಬಾತ ಪಾದಗಳು ಚಪ್ಪಲಿಯಿಂದ ಉಕ್ಕಿವೆ. ಬದುಕಿಡೀ ನಿಲ್ಲಿಸಿ ದುಡಿಸಿಕೊಂಡು, ಒಂದು ದಿನ ಕುರ್ಚಿಯಲ್ಲಿ ಕೂರಿಸಿ, ಇವಳಿಗೆ ಬಾಯಿಲ್ಲ ಎನ್ನುತ್ತಾರೆ. ಹೇಳುವವರಿಗೆ ನಾಚಿಕೆಯಾದರೂ ಬೇಡವೇ?

ಅಕ್ಕ ಚಾದರ ಕೆಳಗಿಟ್ಟು, ಯಂತ್ರದ ಕೆಂಪು ಗುಂಡಿ ಒತ್ತುತ್ತಾರೆ. ಸದ್ದು ನಿಲ್ಲುತ್ತದೆ.

“ಕೂರ್ರೇ ಎಲ್ರೂ. ನೆಲದ ಮೇಲೇ ಕೂರಿ. ಇವತ್ತಿನ ಪಾಠ ಇದೇ. ಹೇಳಿ, ಐ ಆಮ್ ಸಿಟ್ಟಿಂಗ್.”

ಕಾಲು ಚಾಚಿ ಕೂತ ಹೆಂಗಸರು ಒಬ್ಬರಾದ ಮೇಲೊಬ್ಬರು ಹೇಳುತ್ತಾರೆ. ಒಬ್ಬಾಕೆ, “ಅಕ್ಕಾ, ಈ ಪಾಠ ಮೊದಲೇ ಮಾಡಬಾರದಿತ್ತಾ!” ಎಂದು ಕಣ್ಣು ಮುಚ್ಚುತ್ತಾಳೆ.

ಮೆಟ್ಟಿಲಲ್ಲಿ ಬೂಟಿನ ಸದ್ದು. ಸೂಪರ್‌ವೈಸರ್ ಓಡಿ ಬರುತ್ತಾರೆ. “ಮಷೀನ್ ನಿಲ್ಲಿಸಿದ್ಯಾರು? ಏನ್ ಮಾಡ್ತಿದ್ದೀರಿ ಎಲ್ಲಾ?”

ಒಂದಿಬ್ಬರು ಗಡಬಡಿಸಿ ಏಳುತ್ತಾರೆ. ನಾದಿನಿ ಏಳುವುದಿಲ್ಲ.

“ವಿ ಆರ್ ಸಿಟ್ಟಿಂಗ್, ಸರ್.”

ಅಕ್ಕ ತಮ್ಮ ಪಾದ ನೀವಿಕೊಳ್ಳುತ್ತಾ ಅವಳತ್ತ ತಿರುಗುತ್ತಾರೆ. “ಸೋಮವಾರ ಇಷ್ಟೇ ಜೋರಾಗಿ ಹೇಳು.”