ಶೇಷಗಿರಿ ಸರ್ ಕೇಳಿದ ಪ್ರಶ್ನೆಗಳು

ಡಾ. ಶೇಷಗಿರಿಯವರು ಹುಡುಗರ ಮುಖ ನೋಡುತ್ತಿರಲಿಲ್ಲ, ಮಣಿಕಟ್ಟು ನೋಡುತ್ತಿದ್ದರು. ಕಾಲೇಜಿನ ವರಾಂಡದಲ್ಲಿ ಯಾರಾದರೂ ಎದುರಾಗಿ ನಮಸ್ಕಾರ ಮಾಡಿದರೆ ಅವರ ಕಣ್ಣು ಜೋಡಿಸಿದ ಕೈಗಳ ಮೇಲೆ ಸರಿದಾಡಿ, ತೋಳು ಅಂಗಿಯೊಳಗೆ ಮರೆಯಾಗುವಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತು. ಅಲ್ಲಿ ಯಾವ ಗಾಯದ ಗುರುತೂ ಕಾಣದಿದ್ದರೆ ಮರುನಮಸ್ಕಾರವೂ ಇಲ್ಲ. ಕಂಡರೆ ಮಾತ್ರ, ಸಂತೆಯಲ್ಲಿ ಎಳೆಯ ಬದನೆಕಾಯಿ ಕಂಡವರ ಹಾಗೆ ಅರಳಿ, ನನ್ನ ಕಡೆ ತಿರುಗಿ, "ಈ ಕಾಲೇಜು ಛಲೋ ಅದ ನೋಡಮ್ಮ, ಕೇಸ್ ಸಿಗ್ತಾವ" ಎನ್ನುತ್ತಿದ್ದರು.

ಗಣಿಯ ಹಣ ಹೊಸಪೇಟೆಯಲ್ಲಿ ಹೊಳೆಯಂತೆ ಹರಿಯುತ್ತಿದ್ದ ವರ್ಷಗಳವು. ಸಂಡೂರಿನ ಕಡೆಯಿಂದ ಹಗಲೆಲ್ಲ ಅದಿರಿನ ಲಾರಿಗಳು. ಮರ, ಗೋಡೆ, ಒಣಹಾಕಿದ ಬಟ್ಟೆ, ಎಲ್ಲದರ ಮೇಲೂ ಕೆಂಪು ಧೂಳು. ನಾನು ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಹೊರಗೆಲ್ಲೋ ಪ್ರೊಫೆಸರಾಗಿದ್ದು ನಿವೃತ್ತರಾಗಿ ಊರಿಗೆ ಮರಳಿದ್ದ ಶೇಷಗಿರಿಯವರು ಒಂದು ಸಂಶೋಧನೆ ಕೈಗೆತ್ತಿಕೊಂಡಿದ್ದರು: ಗಣಿ ಸೀಮೆಯ ಹುಡುಗ ಹುಡುಗಿಯರ ಮಾನಸಿಕ ಆರೋಗ್ಯ, ಅವರು ತಮಗೆ ತಾವೇ ಮಾಡಿಕೊಳ್ಳುವ ಹಾನಿ. ಪ್ರಶ್ನಾವಳಿ ಹಂಚಿ, ತುಂಬಿಸಿ, ತರುವ ಕೆಲಸ ನನ್ನದು. ಇಂಥದ್ದನ್ನು ನಮ್ಮ ಕಡೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಸೇರುವ ದಿನ ನಾನು ಹೆಮ್ಮೆಯಿಂದ ಅಮ್ಮನ ರೇಷ್ಮೆ ಸೀರೆ ಉಟ್ಟುಕೊಂಡು ಹೋಗಿದ್ದೆ. ಆ ಸೀರೆಯ ಕ್ಷಮೆ ಈಗಲೂ ಕೇಳಬೇಕು ಅನಿಸುತ್ತದೆ.

ಬಸ್ ಸ್ಟ್ಯಾಂಡಿನ ಹಿಂದೆ ಮಾಳಿಗೆಯ ಮೇಲೊಂದು ಕೋಣೆ ನಮ್ಮ ಆಫೀಸು. ಮೊದಲ ವಾರವೇ ಅವರು ನನಗೆ ಒಂದು ಕಟ್ಟು ಹಾಳೆ ಕೊಟ್ಟು ಟೈಪ್ ಮಾಡಲು ಹೇಳಿದರು. ನೋಡಿದರೆ ವರದಿಯ ಕೊನೆಯ ಅಧ್ಯಾಯ. ದಿಢೀರ್ ಹಣ ಬಂದು ಯುವಜನರ ಮನಸ್ಸು ಕೆಟ್ಟಿದೆ, ದಾರಿ ತಪ್ಪಿದ ಮನಸ್ಸು ತನ್ನನ್ನೇ ಗಾಯಗೊಳಿಸಿಕೊಳ್ಳುತ್ತದೆ ಎಂದು ಅದರಲ್ಲಿತ್ತು.

"ಸರ್, ಇನ್ನೂ ಒಂದ್ ಫಾರ್ಮೂ ತುಂಬಿಸಿಲ್ಲಲ್ರಿ?" ಎಂದೆ.

"ತುಂಬಿಸಿದ ಮ್ಯಾಲೆ ಇದೇ ಬರ್ತದ. ನೀ ಟೈಪ್ ಮಾಡು" ಎಂದರು.

ಶೂ ಒರೆಸಲಿಕ್ಕೆಂದೇ ಅವರ ಕಾರಿನಲ್ಲಿ ಒಂದು ಹಳದಿ ಬಟ್ಟೆ ಇರುತ್ತಿತ್ತು. ಧೂಳು ತಿಂದು ಬದುಕುವವರ ಬಗ್ಗೆ ಬರೆಯಲು ಹೊರಟವರು ಪ್ರತಿ ಕಾಲೇಜಿನ ಗೇಟಿನಲ್ಲಿ ಇಳಿದು, ಬಗ್ಗಿ, ಶೂ ಹೊಳೆಯುವ ತನಕ ಒರೆಸಿ ಒಳಗೆ ಹೋಗುತ್ತಿದ್ದರು.

ಕಂಪ್ಲಿಯ ಕಾಲೇಜಿನಲ್ಲಿ ನಡೆದದ್ದನ್ನು ಹೇಳಬೇಕು. ಪ್ರಶ್ನಾವಳಿ ಹಂಚಿದ ಮೇಲೆ, ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ಇದರಾಗ ಭಾಳ ಒಳಗಿನ ಮಾತು ಕೇಳೀರಿ. ಬರದ್ರ ನಮಗೇನ್ ಮಾಡ್ತೀರ್ರಿ?"

"ಅನಾಲಿಸಿಸ್ ಮಾಡ್ತೀವಿ."

"ಅದು ನಿಮಗಾತ್ರಿ. ನಮಗ?"

ಶೇಷಗಿರಿಯವರು ತಡವರಿಸಲಿಲ್ಲ. "ನಿಮಗ ಪೆನ್ನು ಕೊಟ್ಟೀವಲ್ಲ" ಎಂದರು. ತರಗತಿ ನಕ್ಕಿತು. ಅವರೂ ನಕ್ಕರು, ತಾವು ಭಾರಿ ಚಟಾಕಿ ಹಾರಿಸಿದೆವೆಂದು ತಿಳಿದು. ಹೊರಡುವಾಗ ನನ್ನ ಕಿವಿಯ ಹತ್ತಿರ ಬಂದು, "ಪೆನ್ನು ವಾಪಸ್ ಇಸ್ಕೋ, ನಾಳೆ ಸಂಡೂರಿಗೆ ಬೇಕು" ಎಂದರು. ನಾನು ಬೆಂಚಿನಿಂದ ಬೆಂಚಿಗೆ ಹೋಗಿ ಪೆನ್ನು ಇಸಿದುಕೊಂಡೆ. ಆ ಹುಡುಗಿ ನನ್ನ ಕೈಗೆ ಕೊಡಲಿಲ್ಲ, ಡೆಸ್ಕಿನ ಮೇಲೆ ಇಟ್ಟು ಕಿಟಕಿಯ ಕಡೆ ತಿರುಗಿದಳು.

ಆದರೂ ಒಂದು ಮಾತು ಅವರಿಂದಲೇ ಕಲಿತೆ ಎಂದು ಒಪ್ಪಿಕೊಳ್ಳಲೇಬೇಕು, ಒಪ್ಪಿಕೊಳ್ಳಲು ಎಷ್ಟೇ ಹೊಟ್ಟೆ ಉರಿದರೂ. ಹೊಸಪೇಟೆಯ ಒಬ್ಬ ಪ್ರಿನ್ಸಿಪಾಲರು ಪ್ರಶ್ನಾವಳಿ ಓದಿ ಹೆದರಿಬಿಟ್ಟಿದ್ದರು. "ಬ್ಯಾಡ್ರಿ ಸರ್, ಇಂಥಾವೆಲ್ಲ ಕೇಳಿದ್ರ ಹುಡುಗರ ತಲ್ಯಾಗ ಇಲ್ಲದ್ದು ಹೊಕ್ಕಂತೈತಿ" ಎಂದರು.

ಶೇಷಗಿರಿಯವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಕೇಳಿದ್ರ ಹೊಸಾದು ಏನೂ ಹುಟ್ಟೋದಿಲ್ರಿ. ಇರೋದು ಹೊರಗ ಬರ್ತದ. ಯಾರೂ ಕೇಳಲಿಲ್ಲ ಅಂದ್ರನ ಅದು ಒಳಗ ಕೊಳೀತದ. ಸಾಯಬೇಕು ಅನ್ನಿಸ್ತದೇನಪಾ ಅಂತ ನೆಟ್ಟಗ ಕೇಳಬೇಕು, ಕೇಳಿ ಕುಂದ್ರಬೇಕು."

ಎಂಥ ಮಾತು! ಆ ಮಧ್ಯಾಹ್ನ ನಾನು ಅವರನ್ನು ದೊಡ್ಡ ಮನುಷ್ಯ ಎಂದು ತಿಳಿದೆ. ಏನೂ ಗೊತ್ತಿಲ್ಲದವನ ಮೇಲೆ ಸಿಟ್ಟು ಮಾಡಲಾಗುವುದಿಲ್ಲ. ಇವರಿಗೆ ಎಲ್ಲ ಗೊತ್ತಿತ್ತು.

ಸಂಡೂರಿನ ಫಾರ್ಮುಗಳನ್ನು ಆಫೀಸಿನಲ್ಲಿ ಬಿಚ್ಚಿ ವಿಂಗಡಿಸುವಾಗ ಒಬ್ಬ ಹುಡುಗಿಯ ಫಾರ್ಮಿನ ಮೇಲೆ ನನ್ನ ಕೈ ನಿಂತಿತು. ತನಗೆ ತಾನೇ ಹಾನಿ ಮಾಡಿಕೊಂಡದ್ದಿದೆಯೇ ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿತ್ತು. ಇನ್ನೂ ಅನಿಸುತ್ತದೆಯೇ ಎಂಬುದಕ್ಕೂ ಹೌದು. ಹಾಳೆಯ ಅಂಚಿನಲ್ಲಿ, ಬರೆಯಲು ಜಾಗವೇ ಇಲ್ಲದ ಕಡೆ, ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು: "ಯಾರಾದರೂ ಬಂದು ಕೇಳಿದರೆ ಹೇಳುತ್ತೇನೆ."

ಓಡಿಹೋಗಿ ಸರ್ ಮುಂದೆ ಇಟ್ಟೆ. ಕನ್ನಡಕ ಏರಿಸಿ ಓದಿದರು. "ಅಂಚಿನ್ಯಾಗ ಬರೆಯೋದು ಬ್ಯಾಡ ಅಂತ ನೀ ಸರಿಯಾಗಿ ಹೇಳಿಲ್ಲ. ಇದಕ್ಕ ಕೋಡ್ ಎಲ್ಲೆ ಹಾಕ್ತಿ?"

"ಸರ್, ಹೋಗಿ ಮಾತಾಡ್ಸಿ ಬರ್ತೀನ್ರಿ. ಫಾರ್ಮಿನ ನಂಬರ್ ನೋಡಿದ್ರ ಯಾರಂತ ಗೊತ್ತಾಗತೈತಿ."

"ಮಾತಾಡ್ಸಿದಿ ಅಂದ್ರ ಕೇಸ್ ಕೆಡ್ತದ. ಆರು ತಿಂಗಳಿಗೆ ಎರಡನೇ ಸುತ್ತು ಅದ. ತನ್ನಷ್ಟಕ್ಕ ತಾನ ಏನಾಗ್ತದ ನೋಡಬೇಕು. ಅದಕ್ಕ ಸ್ಟಡಿ ಅನ್ನೋದು."

"ಆರು ತಿಂಗಳದಾಗ ಆಕಿ ಇಲ್ಲಂದ್ರ?"

"ಅದೂ ಒಂದು ಉತ್ತರನ" ಎಂದು ಫಾರ್ಮನ್ನು ಮಗುಚಿ ಕಟ್ಟಿನಲ್ಲಿ ಸೇರಿಸಿದರು.

ಇಷ್ಟು ಕೇಳಿದ ಮೇಲೂ ನಾನು ತಕ್ಷಣ ಎದ್ದು ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಒಂಬತ್ತು ದಿನ ಸುಮ್ಮನಿದ್ದೆ. ಕೆಲಸ ಹೋದೀತೆಂಬ ಭಯ, ದೊಡ್ಡವರು ಹೇಳಿದ್ದು ಸರಿಯಿರಬಹುದೆಂಬ ನೆಪ. ಅವರ ಬಗ್ಗೆ ನನಗಿರುವ ತಿರಸ್ಕಾರದಲ್ಲಿ ಆ ಒಂಬತ್ತು ದಿನಗಳ ಪಾಲು ನನಗೂ ಸೇರಬೇಕು. ಹತ್ತನೆಯ ದಿನ ಬೆಳಿಗ್ಗೆ ಆಫೀಸಿನ ಮೆಟ್ಟಿಲು ಹತ್ತುವ ಬದಲು ಸಂಡೂರಿನ ಬಸ್ಸು ಹತ್ತಿದೆ.

ಹುಡುಗಿಯ ಹೆಸರು ಹುಲಿಗೆಮ್ಮ. ಪಿಯುಸಿ ಎರಡನೇ ವರ್ಷ. ಲೆಕ್ಚರರಿಗೆ ಹೇಳಿ ಅವಳನ್ನು ತರಗತಿಯಿಂದ ಕರೆಸಿಕೊಂಡೆ. ಇಬ್ಬರೂ ಕಾಲೇಜಿನ ಹಿಂದಿನ ಬೇವಿನ ಮರದ ಕಟ್ಟೆಯ ಮೇಲೆ ಕೂತೆವು. ಏನು ಹೇಳಬೇಕೆಂದು ತಿಳಿಯದೆ ಶೇಷಗಿರಿಯವರ ಮಾತನ್ನೇ ಹೇಳಿದೆ. "ಸಾಯಬೇಕು ಅನ್ನಿಸ್ತತೇನವ್ವ?"

ಅವಳು ಕಟ್ಟೆಯ ಮೇಲೆ ಬಿದ್ದಿದ್ದ ಬೇವಿನೆಲೆಯೊಂದನ್ನು ಎತ್ತಿ ಬದಿಗಿಟ್ಟಳು. ಆಮೇಲೆ, "ಇಷ್ಟು ತಡಾ ಮಾಡಿ ಬಂದ್ರಲ್ಲಕ್ಕ" ಎಂದಳು. "ದಿನಾ ಬಾಗಲ ಕಡೆ ನೋಡ್ತಿದ್ದೆ."

ಎರಡು ಟಿಪ್ಪರ್ ಇರುವ ಮನೆಯಿಂದ ಸಂಬಂಧ ಬಂದಿತ್ತು. ಪರೀಕ್ಷೆಗೆ ಮೊದಲೇ ಮದುವೆ. ಗಂಡು ಅವಳನ್ನು ನೋಡಲು ಬಂದಾಗ, ಗಣಿತದ ಪುಸ್ತಕ ಎತ್ತಿ ನೋಡಿ, ಇದನ್ನು ಓದಿ ಯಾವ ಲಾರಿಯ ಲೆಕ್ಕ ಇಡ್ತಿ ಎಂದು ನಕ್ಕಿದ್ದನಂತೆ. ಅವಳ ಅಪ್ಪನೂ ಕೂಡಿ ನಕ್ಕಿದ್ದರಂತೆ. ಅಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಇಲ್ಲ. ಉಳಿದದ್ದನ್ನು ಅವಳು ನನಗೆ ಹೇಳಿದಳು, ಅದನ್ನು ಇಲ್ಲಿ ಬರೆಯುವುದಿಲ್ಲ.

ಮಧ್ಯಾಹ್ನ ಅವಳನ್ನು ಕರೆದುಕೊಂಡೇ ಅವಳ ಮನೆಗೆ ಹೋದೆ. ತಾಯಿ ರೊಟ್ಟಿ ಬಡಿಯುತ್ತಿದ್ದವರು ಎಲ್ಲ ಕೇಳಿ ಹಿಟ್ಟಿನ ಕೈಯಲ್ಲೇ ಮಗಳನ್ನು ಹಿಡಿದುಕೊಂಡರು. "ನನ್ನ ಮದುವಿ ಹೊತ್ತಿನ್ಯಾಗೂ ನನ್ನ ಯಾರೂ ಕೇಳಲಿಲ್ರಿ. ಹಂಗಾಗಿ ಕೇಳಬೇಕು ಅನ್ನೋದೇ ಹೊಳೀಲಿಲ್ಲ" ಎಂದರು. ಮರುದಿನ ಮೂವರೂ ಬಳ್ಳಾರಿಗೆ ಹೋಗಿ ಒಬ್ಬ ಮನೋವೈದ್ಯೆಯನ್ನು ಕಂಡೆವು. ಔಷಧಿ ಶುರುವಾಯಿತು, ವಾರಕ್ಕೊಮ್ಮೆ ಮಾತುಕತೆ. ತಂದೆ ಕೂಗಾಡಿದರು, ಆದರೆ ಆ ತಾಯಿ ಅದೇನು ಹೇಳಿದರೋ, ಮದುವೆ ಮುಂದಕ್ಕೆ ಹೋಯಿತು. ಆಮೇಲೆ ಮುರಿದೇ ಹೋಯಿತು.

ನಾನು ಆಫೀಸಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಶೇಷಗಿರಿಯವರು ಹುಡುಗಿ ಹೇಗಿದ್ದಾಳೆಂದು ಕೇಳಲಿಲ್ಲ. ಕಟ್ಟು ಬಿಚ್ಚಿ ಅವಳ ಫಾರ್ಮು ಹುಡುಕಿ ತೆಗೆದು, ಸ್ಕೇಲ್ ಇಟ್ಟು, ಕೆಂಪು ಇಂಕಿನಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದರು.

"ನಿನಗ ಕರುಣಾ ಅದ, ಮೆಥಡ್ ಇಲ್ಲ. ನಾಳಿಂದ ಬರಬ್ಯಾಡ" ಎಂದರು.

ಗೆರೆ ಎಷ್ಟು ನೆಟ್ಟಗಿತ್ತೆಂದರೆ, ನಾನು ಮೆಟ್ಟಿಲು ಇಳಿಯುವಾಗ ಅದನ್ನೇ ನೆನೆಯುತ್ತಿದ್ದೆ. ವರದಿ ಮುಂದಿನ ವರ್ಷ ಹೊರಬಂತು. ಬಿಡುಗಡೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ. ಯುವಜನರ ಮೌನಕ್ಕೆ ಕಿವಿಗೊಟ್ಟವರು ಎಂದು ಯಾರೋ ಭಾಷಣ ಮಾಡಿದರು. ಕೊನೆಯ ಅಧ್ಯಾಯದಲ್ಲಿ ನಾನು ಟೈಪ್ ಮಾಡಿದ್ದ ಒಂದು ಅಕ್ಷರವೂ ಬದಲಾಗಿರಲಿಲ್ಲ. ಒಂದು ಕಡೆ ನನ್ನದೇ ಕಾಗುಣಿತದ ತಪ್ಪು ಹಾಗೆಯೇ ಅಚ್ಚಾಗಿತ್ತು.

ಕಡೆಯ ಬಾರಿ ಅವರನ್ನು ನೋಡಿದ್ದು ಹೊಸಪೇಟೆಯ ರೈಲ್ವೆ ಸ್ಟೇಷನ್ನಿನಲ್ಲಿ. ಗಣಿಗಳಿಗೆ ಬೀಗ ಬಿದ್ದು ಲಾರಿಗಳು ಪೆಟ್ರೋಲ್ ಬಂಕಿನ ಪಕ್ಕ ತುಕ್ಕು ಹಿಡಿಯುತ್ತಿದ್ದ ಕಾಲ. ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು, ಮೈ ಇಳಿದುಹೋಗಿತ್ತು. ನನ್ನನ್ನು ಗುರುತಿಸಿದರು. "ನಮ್ಮ ಸ್ಟಡಿಯೊಳಗ ಒಂದು ಕೇಸ್ ಕೆಡಿಸಿದಾಕಿ ನೀನ ಅಲ್ಲ?"

"ಹೌದ್ರಿ ಸರ್. ಆಕಿ ಈಗ ಬುಕ್ಕಸಾಗರದ ಸಾಲ್ಯಾಗ ಗಣಿತ ಕಲಿಸ್ತಾಳ್ರಿ."

ಅವರು ಯೋಚಿಸಿದರು. ತುಟಿ ಅಲುಗಿತು. ಈಗಲಾದರೂ ಏನೋ ಹೇಳುತ್ತಾರೆಂದು ನಾನು, ನಾಚಿಕೆಗೆಟ್ಟು, ಕಾದೆ.

"ಮೊದಲ ಹೇಳಬಾರದ?" ಎಂದರು. "ಗುಣ ಆದವರ ಕಾಲಂನಾಗ ಹಾಕಬಹುದಿತ್ತು. ಆ ಕಾಲಂ ಭಾಳ ಬಡಕಲು ಕಾಣ್ತಿತ್ತು."

ರೈಲು ಬಂತು. ಅವರ ಚೀಲ ಎತ್ತಿ ಬೋಗಿಯೊಳಗಿಟ್ಟು ಇಳಿದೆ. ನಮಸ್ಕಾರ ಮಾಡಲು ಕೈ ಬರಲಿಲ್ಲ.

ಅವರು ತೀರಿಕೊಂಡ ಸುದ್ದಿ ಪೇಪರಿನಲ್ಲಿ ಓದಿದ ದಿನ ಹುಲಿಗೆಮ್ಮನಿಗೆ ಫೋನ್ ಮಾಡಿದೆ. "ಶೇಷಗಿರಿ ಸರ್ ಹೋದ್ರಂತವ್ವ."

ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. ಅವಳು ನೆನಪಿಸಿಕೊಳ್ಳಲು ಪ್ರಯತ್ನಿಸಿ, "ಯಾರಕ್ಕ ಅವ್ರು?" ಎಂದು ಕೇಳಿದಳು.

ಯಾರೂ ಅಲ್ಲ ಎಂದೆ. "ಹಂಗಾದ್ರ ಆಮ್ಯಾಲೆ ಮಾತಾಡ್ತೀನಿ, ಹುಡುಗರು ಕಾಯಾಕತ್ಯಾವ" ಎಂದು ಅವಳು ಫೋನ್ ಇಟ್ಟಳು.