ಸರ್ಕಾರದ ತಕ್ಕಡಿಯಲ್ಲಿ ಮುದ್ದೆ ಮತ್ತು ದ್ರಾಕ್ಷಿ

ನೀಲಿ ದ್ರಾಕ್ಷಿಯ ವಾಸನೆ ಗಾಡಿಗಿಂತ ಹತ್ತು ಹೆಜ್ಜೆ ಮುಂದೆ ಬರುತ್ತದೆ. ಮೊನ್ನೆ ಹೆಬ್ಬಾಳದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಆ ವಾಸನೆ ಬಡಿದು ಬಾಯಲ್ಲಿ ನೀರೂರಿತು. ದ್ರಾಕ್ಷಿ ಕಂಡರೆ ಯಾರಿಗೆ ತಾನೇ ನೀರೂರುವುದಿಲ್ಲ ಅನ್ನುತ್ತೀರಿ. ಸರಿ, ಆದರೆ ನನಗೆ ಆ ಕ್ಷಣ ಬೇಕೆನಿಸಿದ್ದು ಅದರ ಜೊತೆಗೊಂದು ರಾಗಿಮುದ್ದೆ.

ಮುಖ ಸಿಂಡರಿಸಬೇಡಿ, ವಿಧಾನ ಕೇಳಿ. ಆರಿದ ಮುದ್ದೆಯಿಂದ ಒಂದು ತುತ್ತು ಮುರಿಯಬೇಕು. ಹೆಬ್ಬೆರಳಿನಿಂದ ಗುಳಿ ಮಾಡಬೇಕು. ಒಂದು ದ್ರಾಕ್ಷಿಯನ್ನು ಹಿಚುಕಿ ತಿರುಳನ್ನು ಗುಳಿಗೆ ಬೀಳಿಸಿ, ಎರಡು ಹರಳು ಉಪ್ಪು ಹಾಕಿ, ಗುಳಿಯ ಬಾಯಿ ಮುಚ್ಚಿ ನುಂಗಬೇಕು. ಸಿಪ್ಪೆಯನ್ನು ಆಮೇಲೆ ಚೀಪಬಹುದು. ಕೊಡಿಗೇಹಳ್ಳಿಯ ನಮ್ಮ ಬಾವಿಯ ಪಕ್ಕ ಅಪ್ಪ ಹಾಕಿದ್ದ ದ್ರಾಕ್ಷಿ ಚಪ್ಪರವೊಂದಿತ್ತು. ಸಾರು ಮುಗಿದುಹೋಗಿದ್ದ ಒಂದು ಬೆಳಿಗ್ಗೆ ಆ ಚಪ್ಪರದ ಕೆಳಗೆ ಈ ಆವಿಷ್ಕಾರ ಮಾಡಿದೆ. ನಾನು ಬಿ.ಎಸ್ಸಿ. ಮಾಡುವುದಕ್ಕೆ ಬಹಳ ಮೊದಲೇ ಮಾಡಿದ ಈ ಪ್ರಯೋಗ, ಬಿ.ಎಸ್ಸಿ.ಯಲ್ಲಿ ಮಾಡಿದ ಎಲ್ಲ ಪ್ರಯೋಗಗಳಿಗಿಂತ ಚೆನ್ನಾಗಿ ಬಂದಿತ್ತು.

ಬಿ.ಎಸ್ಸಿ. ಅಂದೆನಲ್ಲ, ಅದನ್ನು ಸ್ವಲ್ಪ ಹೇಳಿಕೊಳ್ಳುತ್ತೇನೆ, ಬಿಡಿ. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವನು ನಾನೇ ಮೊದಲು. ದಿನಾ ಸೈಕಲ್ ತುಳಿದು ಸಿಟಿಯ ಕಾಲೇಜಿಗೆ ಹೋದೆ. ರಸಾಯನಶಾಸ್ತ್ರ ಒಮ್ಮೆ ಕೈಕೊಟ್ಟಿತು; ಮತ್ತೆ ಕಟ್ಟಿ ಪಾಸಾದೆ. ಫಲಿತಾಂಶ ಬಂದ ದಿನ ಅವ್ವ ಊರಿನ ಪ್ರತಿ ಜಗಲಿಗೂ ಹೋಗಿ, "ನನ್ ಮಗ ಬೀಯಸ್ಸಿ ಆಗವ್ನೆ" ಎಂದು ಸಾರಿ ಬಂದಳು. ಬೀಯಸ್ಸಿ ಅಂದರೆ ಅಮಲ್ದಾರರಿಗಿಂತ ಒಂದು ಮೆಟ್ಟಿಲು ಮೇಲೆ ಎಂದು ಅವಳ ಲೆಕ್ಕ. ನಾನೂ ತಿದ್ದಲಿಲ್ಲ.

ಸಿಕ್ಕಿದ್ದು ಮಾತ್ರ ಮೂರು ತಿಂಗಳ ತಾತ್ಕಾಲಿಕ ಕೆಲಸ. ಜನ ಏನು ತಿನ್ನುತ್ತಾರೆ ಎಂದು ಸರ್ಕಾರಕ್ಕೆ ತಿಳಿಯಬೇಕಾಗಿತ್ತು. ಮನೆಮನೆಗೆ ಹೋಗಿ "ನಿನ್ನೆ ಏನು ಊಟ ಮಾಡಿದಿರಿ?" ಎಂದು ಕೇಳಿ ಫಾರಂ ತುಂಬುವುದು, ಇವತ್ತಿನ ಅಡುಗೆಯನ್ನು ತೂಗಿ ಬರೆದುಕೊಳ್ಳುವುದು. ಆಗಷ್ಟೇ ಸೇರು ಹೋಗಿ ಗ್ರಾಂ ಬಂದಿತ್ತು. ನನಗೊಂದು ಹೊಸ ತಕ್ಕಡಿ, ಒಂದು ಚೀಲ ತೂಕದ ಬಟ್ಟು ಕೊಟ್ಟರು. ಅವನ್ನು ಸೈಕಲ್ಲಿಗೆ ನೇತುಹಾಕಿಕೊಂಡು ಅಲ್ಲಾಳಸಂದ್ರಕ್ಕೆ ಹೋದ ಮೊದಲ ದಿನವೇ ಅಜ್ಜನೊಬ್ಬ ಕೂಗಿದ: "ಏಯ್, ಹಳೇ ಕಬ್ಬಿಣ ತಗತಿಯೇನಪ್ಪಾ?"

ಚೆನ್ನಾಗಿ ಕೆಲಸ ಮಾಡಿದರೆ ಕಾಯಂ ಮಾಡುತ್ತೇವೆ ಅಂದಿದ್ದರು. ಆದರೆ ಪ್ಯಾಂಟು ಹಾಕಿದವನ ಮುಂದೆ ನಿಜ ಹೇಳುವ ಹೆಂಗಸು ಆ ಸೀಮೆಯಲ್ಲಿ ಒಬ್ಬಳೂ ಇರಲಿಲ್ಲ. ಯಾರನ್ನು ಕೇಳಿದರೂ "ಅನ್ನ, ಸಾರು, ಪಲ್ಯ, ಮಜ್ಜಿಗೆ." ಒಲೆಯ ಮೇಲೆ ಮುದ್ದೆ ಕೊತಕೊತ ಅನ್ನುತ್ತಿದ್ದರೂ ಅನ್ನವೇ. ತಕ್ಕಡಿ ಹಿಡಿದು ಒಲೆಯ ಹತ್ತಿರ ಹೋಗಲೂ ಬಿಡುತ್ತಿರಲಿಲ್ಲ. ಎರಡು ವಾರದ ಫಾರಮ್ಮುಗಳನ್ನು ಸಾಹೇಬರ ಮೇಜಿನ ಮೇಲಿಟ್ಟೆ. ಅವರು ತಿರುವಿ ಹಾಕಿ ಕನ್ನಡಕ ತೆಗೆದರು.

"ಏನ್ರೀ, ಇಡೀ ಅಲ್ಲಾಳಸಂದ್ರ ಒಂದೇ ಒಲೇಲಿ ಅಡುಗೆ ಮಾಡುತ್ತೇನ್ರೀ?"

"ಅವರು ಹೇಳಿದ್ದನ್ನೇ ಬರ್ದಿದೀನಿ, ಸಾರ್."

"ಕೆರೆ ಏರಿ ಮೇಲೆ ಮರದ ನೆರಳಲ್ಲಿ ಕೂತು ಬರ್ದಿದೀರಿ. ಮುಂದಿನ ವಾರವೂ ಹೀಗೇ ಇದ್ರೆ ತಕ್ಕಡಿ ವಾಪಸ್ ಕೊಟ್ಟು ಮನೆಗೆ ಹೋಗಿ."

ಮನೆಗೆ ಹೋಗುವುದೇನೋ ಸುಲಭ. ಅವ್ವ ಸಾರಿ ಬಂದಿದ್ದ ಅಷ್ಟೂ ಜಗಲಿಗಳನ್ನು ದಾಟಿಕೊಂಡು ಹೋಗುವುದು ಹೇಗೆ?

ಮಾರನೆಯ ದಿನ ರಾಗಿ ಕೇರುತ್ತಿದ್ದ ನಂಜಮ್ಮ ಎಂಬಾಕೆಯ ಮುಂದೆ, ನಾನು ಬಿ.ಎಸ್ಸಿ. ಎಂದು ಹೇಳಿಕೊಂಡು ಕುಳಿತೆ. ಆಕೆ "ಅನ್ನ, ಸಾರು" ಎಂದು ಶುರುಮಾಡಿದವಳು ನನ್ನ ಬೆರಳು ನೋಡಿ ನಿಲ್ಲಿಸಿದಳು.

"ಅದ್ಯಾಕೆ ಸಾಮಿ ಬೆರಳೆಲ್ಲಾ ನೇರಳೆ?"

ಸುಳ್ಳು ಹುಡುಕುವಷ್ಟು ಚೈತನ್ಯ ನನ್ನಲ್ಲಿ ಉಳಿದಿರಲಿಲ್ಲ. ಬೆಳಿಗ್ಗೆ ತಿಂದದ್ದನ್ನು ಹೇಳಿಬಿಟ್ಟೆ. ನಂಜಮ್ಮ ಮೊರ ಕೆಳಗಿಟ್ಟಳು.

"ಲೇ ಪುಟ್ಟಮ್ಮಾ, ಬಾರೇ ಇಲ್ಲಿ! ಬೀಯಸ್ಸಿ ಓದಿರೋರು ಮುದ್ದೇಗೆ ದ್ರಾಕ್ಷಿ ನೆಂಚ್ಕತರಂತೆ ಕಣೇ!"

ಪಕ್ಕದ ಮನೆಯ ಪುಟ್ಟಮ್ಮ ಬಂದಳು, ಹೊಟ್ಟೆ ಹಿಡಿದುಕೊಂಡು ನಕ್ಕಳು, ಆಮೇಲೆ ದನಿ ತಗ್ಗಿಸಿ, "ನಾನು ಬೇಕ್ರಿ ಬನ್ನ ಉಳ್ಳಿಕಾಳ್ ಬಸ್ಸಾರ್ಗೆ ಅದ್ಕಂಡು ತಿಂತೀನಿ. ಯಾರ್ಗೂ ಏಳ್ಬೇಡಿ" ಅಂದಳು. ಸರ್ಕಾರಕ್ಕೆ ಬಿಟ್ಟು ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅಲ್ಲಿಂದ ಕಟ್ಟೆ ಒಡೆಯಿತು. ನಂಜಮ್ಮನ ಗಂಡ ಈರುಳ್ಳಿ ಬೋಂಡಾವನ್ನು ಕಾಫಿಯಲ್ಲಿ ಮುಳುಗಿಸುತ್ತಿದ್ದ. ಅವಳ ಅತ್ತೆ ಯುಗಾದಿಯ ಒಬ್ಬಟ್ಟನ್ನು ಬಚ್ಚಿಟ್ಟು, ಮಾರನೆಯ ದಿನ ಹೊಸತೊಡಕಿನ ಕುರಿ ಬಾಡಿನ ಸಾರಿಗೆ ಅದ್ದಿ ತಿನ್ನುತ್ತಿದ್ದಳು. ವಿಷಯ ಬಯಲಾದಾಗ ಅತ್ತೆ ಒಳಗಿನಿಂದಲೇ ಗುಡುಗಿದಳು: "ಎಲ್ಡೂ ಒಂದೇ ಒಟ್ಟೇಗೆ ತಾನೆ ಓಗದು!"

ನನಗೆ ದಾರಿ ಸಿಕ್ಕಿತು. ಮೊದಲು ನನ್ನದನ್ನು ಹೇಳುವುದು, ಆಮೇಲೆ ಅವರದನ್ನು ಕೇಳುವುದು. ಫಾರಮ್ಮಿನಲ್ಲಿ ಧಾನ್ಯ, ಬೇಳೆ, ಸೊಪ್ಪು ಎಂದು ಕಾಲಮ್ಮುಗಳಿದ್ದವೇ ಹೊರತು ಬಸ್ಸಾರಿಗೆ ಬಿದ್ದ ಬನ್ನಿಗೆ ಜಾಗವಿರಲಿಲ್ಲ. ಅಂಚಿನಲ್ಲಿ ಬರೆದೆ, ಹಿಂದುಗಡೆ ಬರೆದೆ. ಉತ್ಸಾಹದಲ್ಲಿ ಕೊಡಿಗೇಹಳ್ಳಿಯ ನಮ್ಮ ಮನೆಯ ಫಾರಮ್ಮನ್ನೂ, ನನ್ನನ್ನೇ ನಾನು ಪ್ರಶ್ನೆ ಕೇಳಿಕೊಂಡು ತುಂಬಿಸಿದೆ.

ಸಾಹೇಬರು ಈ ಸಲ ನಿಧಾನವಾಗಿ ಓದಿದರು. "ಒಬ್ಬಟ್ಟು, ಬಾಡಿನ ಸಾರು. ರೀ, ಇಷ್ಟು ದಿನ ನಿಮ್ಮನ್ನ ಸೋಮಾರಿ ಅಂದ್ಕೊಂಡಿದ್ದೆ. ಕತೆ ಬೇರೆ ಕಟ್ತೀರಿ ಅಂತ ಗೊತ್ತಿರ್ಲಿಲ್ಲ."

"ಎಲ್ಲಾ ನಿಜ, ಸಾರ್."

"ಹಾಗಾದ್ರೆ ತೋರ್ಸಿ. ಈ ಮನೆಗೆ ಹೋಗೋಣ. ಸುಳ್ಳಾಗಿದ್ರೆ ನಾಳೆಯಿಂದ ಬರ್ಬೇಡಿ." ಬೆರಳು ನಿಂತದ್ದು ಮುದ್ದೆ–ದ್ರಾಕ್ಷಿಯ ಫಾರಮ್ಮಿನ ಮೇಲೆ. ಅದು ನನ್ನ ಮನೆಯೇ ಎಂದು ಹೇಳಲು ನಾಲಿಗೆ ಹೊರಳಲಿಲ್ಲ.

ಸಾಹೇಬರ ಜೀಪಿನಲ್ಲಿ ಮಗ ಬಂದಿಳಿದದ್ದನ್ನು ಕಂಡ ಅವ್ವ ಸೆರಗು ಸರಿಮಾಡಿಕೊಂಡು ಓಡಿಬಂದಳು. "ಬಾ ಮಗಾ! ಬನ್ನಿ ಸಾಯೇಬ್ರೆ!"

ಸಾಹೇಬರು ನನ್ನ ಕಡೆ ತಿರುಗಿದರು. "ಓಹೋ! ನಿಮ್ಮನೇನೇ." ಆ ಎರಡು ಮಾತಿನಲ್ಲಿ ನನ್ನ ಕೆಲಸ ಅರ್ಧ ಹೋಗಿತ್ತು. ಉಳಿದರ್ಧಕ್ಕೆ ಅವರು ಅವ್ವನನ್ನು ಕೇಳಿದರು: "ಏನಮ್ಮಾ, ನಿಮ್ಮ ಮಗ ಮುದ್ದೆಗೆ ದ್ರಾಕ್ಷಿ ನೆಂಚ್ಕೊಂಡು ತಿಂತಾರಂತೆ, ಹೌದಾ?"

ಹೌದು ಅನ್ನವ್ವಾ ಎಂದು ನಾನು ಕಣ್ಣು ಮಿಟುಕಿಸಿದೆ. ಕಾಪಾಡವ್ವಾ ಎಂದು ಅವಳು ಅರ್ಥ ಮಾಡಿಕೊಂಡಳು.

"ಅಯ್ಯಯ್ಯೋ! ಯಾವ್ ಅಟ್ಟಿಯೋರು ಏಳಿದ್ರು ಸಾಮಿ ನಿಮ್ಗೆ? ನನ್ ಮಗ ಬೀಯಸ್ಸಿ ಓದವ್ನೆ. ಬಿಳೀ ಅನ್ನ ಬಿಟ್ರೆ ಕೈಯಾಗ್ ಮುಟ್ಟಾಕಿಲ್ಲ!"

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು.

ನಾನು ಒಳಗೆ ಹೋದೆ. ಗಡಿಗೆಯಲ್ಲಿ ಬೆಳಗಿನ ಮುದ್ದೆಯಿತ್ತು, ಮಂಕರಿಯಲ್ಲಿ ದ್ರಾಕ್ಷಿಯಿತ್ತು. ತಟ್ಟೆ ತಂದು ಸಾಹೇಬರ ಕಾಲ ಬುಡದಲ್ಲೇ ಚಕ್ಕಳಮಕ್ಕಳ ಹಾಕಿ ಕೂತು ಗುಳಿ ಮಾಡಿ, ಹಿಚುಕಿ, ನುಂಗಿದೆ. ಒಂದು, ಎರಡು, ಮೂರು ತುತ್ತು. ಅವ್ವ ತಲೆಯ ಮೇಲೆ ಕೈಹೊತ್ತಳು. "ಎದ್ದೇಳೋ ಮಾನಗೇಡಿ! ಸಾಯೇಬ್ರು ನೋಡ್ತಾವ್ರೆ!"

ಸಾಹೇಬರು ನೋಡುತ್ತಲೇ ಇದ್ದರು. ನಾಲ್ಕನೆಯ ತುತ್ತಿಗೆ ಕೈ ಚಾಚಿ, "ನಿಲ್ಲಿಸ್ರೀ!" ಅಂದರು. ಮುರಿದ ತುತ್ತನ್ನು ತಟ್ಟೆಗೆ ವಾಪಸ್ ಇಟ್ಟೆ.

"ತೂಗದೇ ತಿಂತಾ ಇದೀರಲ್ರೀ! ಎಲ್ಲಿ ತಕ್ಕಡಿ?"

ಜೀಪಿನಿಂದ ತಕ್ಕಡಿ ತಂದುಕೊಟ್ಟೆ. ಉಳಿದ ಮುದ್ದೆ ತೂಗಿದರು, ದ್ರಾಕ್ಷಿ ತೂಗಿದರು, ಚೀಪಿ ಬಿಟ್ಟ ಸಿಪ್ಪೆಯನ್ನೂ ತೂಗಿದರು. ಹೊರಡುವಾಗ, "ಇನ್ಮೇಲೆ ಅಂಚಿನಲ್ಲಿ ಬರೀಬೇಡಿ, ಒಂದು ಕಾಲಮ್ಮು ಹೆಚ್ಚಿಗೆ ಹಾಕಿಸ್ತೀನಿ. ಸೋಮವಾರದಿಂದ ದಾಸರಹಳ್ಳಿ ಕಡೆ ಹೋಗಿ" ಅಂದರು. ಕೆಲಸ ಉಳಿಯಿತು ಎಂದು ನನಗೆ ತಿಳಿಯುವಷ್ಟರಲ್ಲಿ, ಉಣ್ಣುವವನ ತಟ್ಟೆಯನ್ನು ತೂಗಿದ್ದಕ್ಕೆ ದೃಷ್ಟಿಯಾಗುತ್ತದೆಂದು ಅವ್ವ ಉಪ್ಪು ಮೆಣಸಿನಕಾಯಿ ಹಿಡಿದು ಬಂದಿದ್ದಳು. ನನಗೆ ನಿವಾಳಿಸಿದಳು, ಪಾಪ, ಅವರಿಗೂ ಇರಲಿ ಎಂದು ಸಾಹೇಬರಿಗೂ ನಿವಾಳಿಸಿ ಒಲೆಗೆ ಹಾಕಿದಳು. ಸಾಹೇಬರು ಜೀಪು ಹತ್ತುವವರೆಗೂ ಕೆಮ್ಮುತ್ತಿದ್ದರು.

"ನಿನ್ನ ಸುಳ್ಳಿಂದ ಕೆಲಸ ಹೋಗ್ತಿತ್ತು ಕಣವ್ವಾ" ಅಂದೆ.

"ನಿನ್ ನಿಜದಿಂದ ಮಾನ ಓಯ್ತು" ಅಂದಳು. ಬಹಳ ಹೊತ್ತು ಪಾತ್ರೆಗಳನ್ನು ಕುಕ್ಕಿದಳು. ಆಮೇಲೆ ಬಾಗಿಲಿಗೆ ಒರಗಿ ಕೇಳಿದಳು: "ಆ ಕಾಗ್ದದಾಗೆ ನಂದೂ ಬರ್ಕತೀಯೇನೋ?"

"ನಿಂದೇನವ್ವಾ?"

"ಅಲಸಿನ ತೊಳೆ. ಉಪ್ಸಾರಿನ ಖಾರ್ದಾಗೆ ಅದ್ಕಂಡು. ನೀವೆಲ್ಲಾ ಒಲದ ಕಡೆ ಓದ್ಮೇಲೆ."

ಮುದ್ದೆಗೆ ದ್ರಾಕ್ಷಿ ನೆಂಚಿಕೊಳ್ಳುವ ನಾನು ಮುಖ ಕಿವುಚಿ "ಥೂ" ಅಂದೆ. ಆದರೂ ಕೆಲಸ ಕೆಲಸವೇ. "ಎಷ್ಟು ತೊಳೆ?"

"ಎಲ್ಡು. ಎಲ್ಡೇ ಎಲ್ಡು."

ಎರಡು ಎಂದು ಬರೆದುಕೊಂಡು ಸಹಿ ಹಾಕಿ ಸರ್ಕಾರಕ್ಕೆ ಒಪ್ಪಿಸಿದೆ.

ಮೊನ್ನೆ ದ್ರಾಕ್ಷಿ ಕೊಳ್ಳಲು ಹೋದವನು, ಪಕ್ಕದಲ್ಲಿ ಹಲಸು ಬಿಡಿಸುತ್ತಿದ್ದವಳಿಂದ ಒಂದಷ್ಟು ತೊಳೆಗಳನ್ನೂ ಕಟ್ಟಿಸಿಕೊಂಡು ಬಂದೆ. ಮನೆಯಲ್ಲಿ ಅವತ್ತು ಉಪ್ಪುಸಾರು. ಅದಕ್ಕೆಂದು ಅರೆದ ಖಾರ ಒರಳಲ್ಲೇ ಇತ್ತು. ಹೆಂಡತಿ ಅತ್ತ ಹೋದದ್ದೇ ತಡ, ಅಷ್ಟು ವರ್ಷ ಮುಟ್ಟದಿದ್ದುದನ್ನು ಮೊದಲ ಸಲ ಅದ್ದಿ ಬಾಯಿಗಿಟ್ಟೆ. ಕಣ್ಣಲ್ಲಿ ನೀರು ಬಂತು, ಮೂಗಲ್ಲೂ ಬಂತು. ಆರನೆಯ ತೊಳೆ ಬಾಯಲ್ಲಿ, ಏಳನೆಯದು ಕೈಯಲ್ಲಿ ಇದ್ದಾಗ ನನಗೆ ಖಚಿತವಾಯಿತು: ಅವ್ವ ಸರ್ಕಾರಕ್ಕೆ ಸುಳ್ಳು ಹೇಳಿದ್ದಳು. ಎರಡಕ್ಕೆ ನಿಲ್ಲಿಸುವುದು ಯಾವ ಮನುಷ್ಯರಿಂದಲೂ ಆಗುವ ಮಾತಲ್ಲ.