ಅಕ್ಕನ ನಿದ್ದೆಯ ಅಲೆಗಳು

ಅಕ್ಕನ ಎಡಕಿವಿಯ ಹಿಂದಿನ ತಂತಿ ಹಸಿರು. ಅದರ ಸುತ್ತ ಅಂಟು ಒಣಗಿ, ಕೂದಲಲ್ಲಿ ಬಿಳಿಯ ಪುಡಿಯಾಗಿತ್ತು.

ಕೊಚ್ಚಿಯ ವೈಟ್ಟಿಲದಲ್ಲಿ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಅವಳು ಎರಡು ತಿಂಗಳು ಅಲ್ಲಿಯ ಆಸ್ಪತ್ರೆಯಲ್ಲಿದ್ದಳು. ಕಣ್ಣು ತೆರೆಯುತ್ತಿದ್ದಳು, ಯಾರನ್ನೂ ನೋಡುತ್ತಿರಲಿಲ್ಲ. ಒಳಗೆ ಎಷ್ಟು ಎಚ್ಚರ ಉಳಿದಿದೆ ಎಂದು ತಿಳಿಯಲು ತಲೆಗೆ ತಂತಿ ಅಂಟಿಸಿ ಒಂದು ಇಡೀ ದಿನ ಮೆದುಳಿನ ಅಲೆಗಳನ್ನು, ನಿದ್ದೆಯನ್ನು ದಾಖಲಿಸಬೇಕು ಎಂದರು ಅಲ್ಲಿಯ ಡಾಕ್ಟರು. ಅದಕ್ಕಾಗಿ ನಾನೂ ಅಮ್ಮನೂ ತಿರುವನಂತಪುರಕ್ಕೆ ಕರೆತಂದೆವು. ನನ್ನ ಕೆಲಸ ಇಲ್ಲಿಯ ಕಳಕ್ಕೂಟಂನಲ್ಲಿ. ಮೆದುಳು ನಮ್ಮೆಲ್ಲರ ಹಾಗೆ ಹಂತಹಂತವಾಗಿ ನಿದ್ದೆಗೆ ಇಳಿಯುತ್ತಿದ್ದರೆ ಚೇತರಿಕೆಯ ಆಸೆ ಹೆಚ್ಚು ಎಂದಿದ್ದರು ಇಲ್ಲಿನ ಡಾಕ್ಟರ್.

ತಂತಿ ಜೋಡಿಸಿದ ಟೆಕ್ನಿಷಿಯನ್ ನನಗೊಂದು ಹಾಳೆ ಕೊಟ್ಟು, ರೋಗಿಯನ್ನು ಮುಟ್ಟಿದಾಗಲೆಲ್ಲ ಸಮಯ ಹಾಕಿ ಬರೆಯಬೇಕು ಚೇಚಿ, ಎಂದು ನನ್ನನ್ನು ಅಕ್ಕನೆಂದು ಕರೆಯುತ್ತ ಮಲಯಾಳದಲ್ಲಿ ಹೇಳಿದ್ದರು. ಮಗ್ಗುಲು ಬದಲಿಸಿದ್ದು, ಕಫ ತೆಗೆದದ್ದು, ನಳಿಕೆಯಲ್ಲಿ ಗಂಜಿ ಕೊಟ್ಟದ್ದು, ಎಲ್ಲವನ್ನೂ ನಿಮಿಷ ತಪ್ಪದೆ ಬರೆದೆ.

ಮಧ್ಯಾಹ್ನ ಅಕ್ಕ ಕಣ್ಣು ಮುಚ್ಚಿದಳು. ಅಮ್ಮ ಅವಳ ಭುಜ ತಟ್ಟತೊಡಗಿದಳು.

“ತಟ್ಟದಿದ್ರೆ ಇವಳಿಗೆ ನಿದ್ದೆಯೇ ಇಲ್ಲ. ನೀನು ಹಾಗಲ್ಲ ಮಾರಾಯ್ತಿ, ಬೆಕ್ಕಿನ ಮರಿ ಹಾಗೆ ಬಿಟ್ಟಲ್ಲಿ ಮಲಗ್ತಿದ್ದಿ.”

ಹಾಸಿಗೆಯ ಪಕ್ಕದ ಯಂತ್ರದ ಪರದೆಯಲ್ಲಿ ನಿಧಾನವಾದ, ಒಂದೇ ಸಮನಾದ ಅಲೆಗಳು ಎದ್ದವು. ಅಂಥ ಚಿತ್ರಗಳನ್ನು ನಾನು ವಾರವಿಡೀ ಫೋನಿನಲ್ಲಿ ನೋಡಿ ಓದಿಕೊಂಡಿದ್ದೆ.

“ಅಮ್ಮ, ಇದು ನಿದ್ದೆಯ ಅಲೆ.”

“ಹೌದಾ? ಸರಿ ನೋಡಿ ಹೇಳು.”

“ಸರಿಯಾಗಿಯೇ ನೋಡಿದ್ದೇನೆ.”

ಅಮ್ಮ ಕಾಸರಗೋಡಿನ ಚಿಕ್ಕಮ್ಮನಿಗೆ ಫೋನ್ ಮಾಡಿದಳು. “ನಮ್ಮ ಹಾಗೇ ನಿದ್ದೆ ಮಾಡ್ತಾಳಂತೆ. ಇನ್ನು ಏಳ್ತಾಳೆ.” ಒಂದು ಕೈಯಲ್ಲಿ ಫೋನಿತ್ತು, ಇನ್ನೊಂದು ತಟ್ಟುತ್ತಲೇ ಇತ್ತು.

ಎರಡು ದಿನ ಕಳೆದು ಡಾಕ್ಟರ್ ನನ್ನೊಬ್ಬಳನ್ನೇ ಕರೆದು, ಅಲೆಗಳ ಜೊತೆಗೇ ದಾಖಲಾಗಿದ್ದ ವಿಡಿಯೋ ತೋರಿಸಿದರು. ಅಮ್ಮನ ಕೈ ಬಿದ್ದಾಗಲೆಲ್ಲ ಒಂದು ಅಲೆ. ಕೈ ನಿಂತಲ್ಲಿ ಅಲೆಯೂ ನಿಂತಿತ್ತು. ತಟ್ಟಿದಾಗ ತಂತಿ ಅಲುಗಿ ಎದ್ದ ಅಲೆಗಳು ಅವು, ಮೆದುಳಿನವಲ್ಲ. ಉಳಿದ ಹೊತ್ತೆಲ್ಲ, ಕಣ್ಣು ಮುಚ್ಚಿದ್ದರೂ ತೆರೆದಿದ್ದರೂ, ಒಂದೇ ಬಗೆಯ ಮಂದ ಗೆರೆಗಳು. ಇದೊಂದರಿಂದಲೇ ತೀರ್ಮಾನಿಸಲಾಗದು, ಆದರೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ತಟ್ಟಿದ್ದನ್ನು ಹಾಳೆಯಲ್ಲಿ ಯಾಕೆ ಬರೆದಿಲ್ಲ ಎಂದೂ ಕೇಳಿದರು. ಅಮ್ಮ ತಟ್ಟುವುದು ಬರೆಯಬೇಕಾದ ಸಂಗತಿ ಎಂದು ನನಗೆ ಹೊಳೆದೇ ಇರಲಿಲ್ಲ.

ಸಂಜೆ ಅಮ್ಮನಿಗೆ ಹೇಳಿದೆ.

“ಅದೆಲ್ಲ ನನ್ನ ಕೈಯಾ?” ಎಂದಳು. ಅಕ್ಕನ ಹೊದಿಕೆ ಎಳೆದು ಸರಿಮಾಡುತ್ತ, “ಚಿಕ್ಕಮ್ಮ ಎಲ್ಲರಿಗೂ ಹೇಳಿ ಆಯ್ತು. ಅವಳಿಗೆ ನಾನಿನ್ನು ಎಂತ ಹೇಳುದು?”

ಮರುದಿನ ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋಗಿದ್ದಾಗ ನಾನೇ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅಕ್ಕನಿಗೆ ಅಂಥ ನಿದ್ದೆ ಇಲ್ಲ, ಪರದೆಯನ್ನು ತಪ್ಪಾಗಿ ಓದಿದವಳು ನಾನು ಎಂದೆ. ಅಮ್ಮ ತಟ್ಟಿದ್ದನ್ನು ಹೇಳಲಿಲ್ಲ.